ದಾರ ಎಳೆಯುವ ಬಗೆ

ಬಾಯಾರಿನ ಗುಡ್ಡೆಯಲ್ಲಿ ಮುರಕಲ್ಲಿನ ಸಂದಿಗೆ
ಯಾರೂ ಮಣ್ಣು ಹಾಕಿದ್ದಿಲ್ಲ, ನೀರು ಹೊಯ್ದದ್ದಿಲ್ಲ.
ಆದರೂ ಪ್ರತಿ ಬೇಸಿಗೆ ಅಲ್ಲಿ
ಕೆಂಡ ಕೊಡವಿದ ಹಾಗೆ ಕೇಪುಳ.

ನನ್ನಜ್ಜಿ ಕೊರಪೊಳು ಕಲಿಸಿದ್ದು ಒಂದೇ ಪಾಠ:
ಹೂವನ್ನು ಕುತ್ತಿಗೆ ಹಿಡಿದು ಕೀಳಬಾರದು.
ಬುಡದಲ್ಲಿ ಚಿವುಟಿ, ಬುಡದಿಂದಲೇ ಒಳಗಿನ ದಾರ ಎಳೆ,
ಮೆಲ್ಲ, ಮಗಾ, ಮೆಲ್ಲ.
ತುದಿಯಲ್ಲಿ ಒಂದು ಹನಿ, ಇರುವೆಯ ಕಣ್ಣಿನಷ್ಟು.
ಅಷ್ಟೇ. ಅದಕ್ಕಾಗಿ ಶಾಲೆಗೆ ತಡವಾಗಿ
ಬೆತ್ತದ ಪೆಟ್ಟು ತಿಂದಿದ್ದೇನೆ.
ಐದೆಸಳಿನದು ಸಿಕ್ಕಿದರೆ ಪೆಟ್ಟಿಲ್ಲ ಎಂದಿದ್ದಳು ನಫೀಸ.
ಸಿಕ್ಕಿದ ದಿನವೂ ಬಿತ್ತು.

ಈಗ ನಾನು ಅಂಗನವಾಡಿಯಲ್ಲಿ ಅಡುಗೆಯವಳು.
ಟೀಚರು ಚೆಕ್ಕಿ ಅನ್ನುತ್ತಾರೆ, ನಾನು ಕೇಪುಳ ಅನ್ನುತ್ತೇನೆ,
ಹೂವು ಎರಡಕ್ಕೂ ತಿರುಗಿ ನೋಡುವುದಿಲ್ಲ.

ಕಲ್ಲಿನ ಪಣೆಗೆ ಬಂದ ಬಂಗಾಳದವರ ಮಗು ಸುಬಲ
ಮೂರು ದಿನದಿಂದ ಹೊಟ್ಟೆ ಕೆಟ್ಟು
ಹಿಂಡಿಟ್ಟ ಬಟ್ಟೆಯ ಹಾಗೆ ಗೋಡೆಗೆ ಒರಗಿದ್ದ.
ಉಪ್ಪು ಸಕ್ಕರೆ ನೀರಾಯಿತು, ಆಸ್ಪತ್ರೆಯ ಪುಡಿಯೂ ಆಯಿತು,
ಅನ್ನ ಮಾತ್ರ ಬೇಡ.

ನಾನು ಗುಡ್ಡೆ ಹತ್ತಿದೆ.
ಒಂದು ಹಿಡಿ ಹೂವು, ನಾಲ್ಕು ಕುಡಿ,
ತುಪ್ಪದ ಹನಿಯಲ್ಲಿ ಬಾಡಿಸಿ, ಜೀರಿಗೆ, ಎರಡು ಒಳ್ಳೆಮೆಣಸು,
ಕಾಯಿತುರಿಯೊಟ್ಟಿಗೆ ನುಣ್ಣಗೆ ಅರೆದು
ಹುಳಿಮಜ್ಜಿಗೆಯಲ್ಲಿ ಕದಡಿದೆ. ಕುದಿಸಲಿಕ್ಕಿಲ್ಲ.
ಕುದಿಸಿದರೆ ಅದು ತಂಬುಳಿಯಲ್ಲ, ಸಾರು,
ಎಂದು ಅಜ್ಜಿ ಸಾಯುವ ವಾರವೂ ಜಗಳಾಡಿದ್ದಳು.
ಬಣ್ಣ? ಕೆಂಪಲ್ಲ. ಹಳೇ ಗೋಡೆಯ ಮಾಸಿದ ಗುಲಾಬಿ.

ಸುಬಲ ಬಟ್ಟಲು ಮೂಸಿದ.
ನನ್ನ ಸೆರಗಿನಲ್ಲಿ ಉಳಿದ ಹೂ ನೋಡಿ
‘ರಂಗನ್’ ಅಂದ.
ಮೂರು ದಿನದಲ್ಲಿ ಮೊದಲ ಮಾತು.
ಅನ್ನ ಕಲಸಿದೆ. ಎಂಟು ತುತ್ತು.
ಒಂಬತ್ತನೆಯದಕ್ಕೆ ಕೈ ಅಡ್ಡ ಹಿಡಿದ.

ಸಂಜೆ ರಿಜಿಸ್ಟರು ತುಂಬಬೇಕು: ಕೊಟ್ಟ ಆಹಾರ.
ಗಂಜಿ ಇದೆ, ಹೆಸರುಕಾಳಿದೆ, ಉಪ್ಪಿಟ್ಟಿದೆ,
ತಂಬುಳಿಗೆ ಕಾಲಂ ಇಲ್ಲ.
ಟೀಚರು ಪೆನ್ನು ಕಚ್ಚಿ ಕೂತು, ಕಡೆಗೆ ಮೂಲೆಯಲ್ಲಿ
ಮಲಯಾಳದಲ್ಲಿ ಏನೋ ಬರೆದರು. ನನಗೆ ಓದಲು ಬಾರದು.
ಗಿಡ್ಡ ಪದ. ಹೂವೇ ಇರಬೇಕು.

ಮಳೆ ಹಿಡಿಯುವ ಮೊದಲು ಹಣ್ಣಾಗುತ್ತದೆ,
ಕಪ್ಪುಗೆಂಪು, ಒಗರು ಕಳೆದ ಮೇಲೆ ಸಿಹಿ, ಒಳಗೆರಡು ಬೀಜ.
ಕಲ್ಲು ಕೊಯ್ಯುವ ಯಂತ್ರ ಆ ಸಂದಿಗೆ ತಲುಪಲು
ಇನ್ನು ಹದಿನೈದು ಮಾರು.

ಸುಬಲನಿಗೆ ದಾರ ಎಳೆಯುವುದು ಕಲಿಸುತ್ತಿದ್ದೇನೆ.
ಅವನದು ಅವಸರದ ಕೈ.
ಹತ್ತರಲ್ಲಿ ಒಂಬತ್ತು ತುಂಡು.