ಗಾಳಿಯ ಕುಮ್ಕಿ

ಕಿನ್ನಿಗೋಳಿ ಬಸ್‌ಸ್ಟ್ಯಾಂಡಿನ ಹಿಂದೆ, ಹೊಲಿಗೆ ಅಂಗಡಿಯ ಮಹಡಿಯಲ್ಲಿ
ನನ್ನ ಎಂಟು ಕಾರ್ಡ್‌ಲೆಸ್ ಮೈಕುಗಳು
ಸೀರೆ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿವೆ.
ಒಂದೊಂದರ ಕುತ್ತಿಗೆಗೂ ಬಿಳಿ ಟೇಪು,
ಟೇಪಿನ ಮೇಲೆ ನನ್ನದೇ ಅಕ್ಷರದ ಸಂಖ್ಯೆ.
ಏಳುನೂರ ಹನ್ನೆರಡು. ಏಳುನೂರ ಹದಿನೆಂಟೂವರೆ.
ಹೆಸರಿನ ಹಾಗೆ ಕರೆದಿದ್ದೇನೆ.

ಮೆಲ್‌ರಾಯ್ ಫೋನು ಹಿಡಿದು ಓದಿದ,
ಬೇಜಾರಾಗದ ಹಾಗೆ ಇನ್ನೊಮ್ಮೆ ಮೆಲ್ಲ ಓದಿದ:
"ಏಳುನೂರರ ಆ ಇಡೀ ಪಟ್ಟಿ ಮೊಬೈಲಿನವರಿಗೆ ಹೋಯಿತು, ದೇಜಣ್ಣ.
ಹಳೆ ಸೆಟ್ಟು ಮಾರ್ಚಿನವರೆಗೆ. ಆಮೇಲೆ ಆನ್ ಮಾಡಿದರೆ ದಂಡ.
ಹೊಸತಕ್ಕೆ ಅರ್ಜಿ. ಹಾಕಿದರೂ ನಾವು ಎರಡನೆಯವರು,
ಮೊದಲಿನವರಿಗೆ ನಮ್ಮಿಂದ ತೊಂದರೆ ಆಗಬಾರದು,
ಅವರಿಂದ ನಮಗಾದರೆ ದೂರುವ ಹಾಗಿಲ್ಲ."

ಈ ಮಾತು ನನಗೆ ಗೊತ್ತು ಮಾರಾಯ.
ನನ್ನಪ್ಪ ನೋಣಯ್ಯ ಚಾಲಗೇಣಿಯವನು,
ಧಣಿಯ ಅಂಗಳದಲ್ಲಿ ನಿಂತು ಇದನ್ನೇ
ಬೇರೆ ಶಬ್ದಗಳಲ್ಲಿ ಕೇಳಿಸಿಕೊಂಡವನು.
ಡಿಕ್ಲರೇಶನ್ ಕೊಟ್ಟು ಮುಕ್ಕಾಲು ಎಕ್ರೆ ಹೆಸರಿಗೆ ಬಂದ ದಿನ
ಗದ್ದೆಗೆ ಹೋಗಲಿಲ್ಲ, ಬದಿಯ ಗುಡ್ಡೆಗೆ ಹೋಗಿ ನಿಂತ.
ಅದು ಕುಮ್ಕಿ. ಸೊಪ್ಪು ತರಬಹುದು, ದನ ಬಿಡಬಹುದು,
ನಮ್ಮದು ಅನ್ನಬಾರದು.
"ಇದಕ್ಕೆ ಎಂತ ಬರೆಯುವುದು?" ಎಂದದ್ದಕ್ಕೆ
ಶ್ಯಾನುಭೋಗರು ಪೆನ್ನಿಗೆ ಮುಚ್ಚಳ ಹಾಕಿದರಂತೆ.

ಮೂವತ್ತು ವರ್ಷ ನಾನು ಮೇಯಿಸಿದ್ದೂ ಅಂಥದ್ದೇ ಗುಡ್ಡೆಯಲ್ಲಿ.
ಬೇಲಿ ಇಲ್ಲ, ಗಡಿಕಲ್ಲಿಲ್ಲ, ಸರ್ವೆ ನಂಬ್ರ ಇಲ್ಲ.
(ಅಪ್ಪನ ಗುಡ್ಡೆಯಲ್ಲಿ ಈಗ ಟವರು. ಬಾಡಿಗೆ ನಮಗಲ್ಲ.)

ಒಮ್ಮೆ, ಅರ್ಜಿಯಲ್ಲಿ ಇದಕ್ಕೆ ಕಾಲಮ್ಮಿಲ್ಲ,
ರಸ್ತೆಯ ಈಚೆ ಸಭಾಭವನದಲ್ಲಿ ತಾಳಮದ್ದಳೆ,
ಆಚೆ ಇಗರ್ಜಿಯ ಹಾಲಿನಲ್ಲಿ ಮದುವೆ, ಎರಡಕ್ಕೂ ನನ್ನ ಸೌಂಡು.
ಅವಸರದಲ್ಲಿ ಒಂದೇ ಸಂಖ್ಯೆ ಎರಡು ಕಡೆ ಕೊಟ್ಟುಬಿಟ್ಟಿದ್ದೆ.
ಶರಶಯ್ಯೆಯ ಭೀಷ್ಮ, ಶಿಬರೂರಿನ ಡ್ರಾಯಿಂಗ್ ಮಾಸ್ಟ್ರು,
ಉಸಿರೆಳೆದು ಮಾತು ನಿಲ್ಲಿಸಿದ್ದೇ ತಡ
ಬಾಕ್ಸಿನೊಳಗಿಂದ ಎಮ್ಸಿಯ ಸ್ವರ,
ಕೊಂಕಣಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ:
"ಬಿಳಿ ಮಾರುತಿ ದಾರಿಗೆ ಅಡ್ಡ ಉಂಟು. ದಯವಿಟ್ಟು ತೆಗೆಯಿರಿ."
ನನ್ನ ಕೈ ಫೇಡರಿನ ಮೇಲೆ ಮರಗಟ್ಟಿತು.
ಮಾಸ್ಟ್ರು ಕಣ್ಣು ಬಿಡಲಿಲ್ಲ.
"ಕೇಳಿದೆಯಾ ಧರ್ಮಜ? ಆಕಾಶವೇ ಹೇಳುತ್ತಿದೆ.
ದಾರಿಗೆ ಅಡ್ಡವಾದ ಬಿಳಿಗೂದಲಿನವನು ನಾನೇ.
ಉತ್ತರಾಯಣ ಬರಲಿ ಮಗೂ, ತೆಗೆಯುತ್ತೇನೆ."
ಚಪ್ಪಾಳೆ ಆಚೆ ಹಾಲಿಗೂ ಕೇಳಿಸಿತಂತೆ;
ಕೇಕಿನ ಚೂರಿ ಹಿಡಿದಿದ್ದ ಮದುಮಗಳು
ತನಗೇ ಎಂದುಕೊಂಡಳಂತೆ.

ಹೊಸ ಸೆಟ್ಟಿಗೆ, ಎರಡು ಮೈಕಿಗೆ, ಎಪ್ಪತ್ತೆರಡು ಸಾವಿರ.
ಹಂಪನಕಟ್ಟೆಯ ಅಂಗಡಿಯವ ಹೇಳುತ್ತಾನೆ,
"ಖಾಲಿ ಜಾಗ ಅದೇ ಹುಡುಕಿಕೊಳ್ಳುತ್ತದೆ.
ಯಾರದ್ದೂ ಯಾರಿಗೂ ಕೇಳುವುದಿಲ್ಲ."
ಒಳ್ಳೆಯದೇ. ಬೇಡ ಎಂದವರಾರು.

ನಿನ್ನೆ ಪಕ್ಷಿಕೆರೆಯ ಮೆಹಂದಿಗೆ ವಯರಿನ ಮೈಕು ಕೊಟ್ಟೆ.
ಸ್ವರ ಶುದ್ಧ, ಕರಕರ ಇಲ್ಲ.
ನಿರೂಪಕಿ ಮಾತ್ರ ಗೂಟಕ್ಕೆ ಕಟ್ಟಿದ ದನದ ಹಾಗೆ
ಹಗ್ಗ ಮುಗಿಯುವವರೆಗೆ ಹೋಗಿ
ಅಜ್ಜಿಯಂದಿರ ಸಾಲಿಗೆ ಮೂರು ಹೆಜ್ಜೆ ಇರುವಾಗ ನಿಂತಳು.
"ಅಜ್ಜೀ, ಅಲ್ಲಿಂದಲೇ ಹೇಳಿ."
ಅಜ್ಜಿ ಎಂತದೋ ಹೇಳಿದರು. ತುಟಿ ಕಂಡಿತು.

ಮೆಲ್‌ರಾಯ್ ಅರ್ಜಿ ತುಂಬಿಸುತ್ತಿದ್ದಾನೆ.
"ಬಳಕೆಯ ಉದ್ದೇಶ ಎಂತ ಬರೆಯಲಿ?"
ನಾನು ಪೆಟ್ಟಿಗೆ ತೆರೆದು ಏಳುನೂರ ಹನ್ನೆರಡನ್ನು ಎತ್ತಿಕೊಂಡೆ.
ಹಸಿರು ದೀಪ ಹತ್ತಿತು. ಮಾರ್ಚಿಗೆ ಇನ್ನೂ ಒಂಬತ್ತು ದಿನ.
ಮೂವತ್ತು ವರ್ಷದಲ್ಲಿ ನನ್ನ ಸ್ವರದಲ್ಲಿ
ಇದಕ್ಕೆ ನಾನು ಹೇಳಿದ್ದು ಇಷ್ಟೇ:
ಹಲೋ, ಚೆಕ್, ಒನ್, ಟೂ.
ಅಲ್ಲಿಂದ ಮುಂದಿನದ್ದನ್ನು
ಯಾವಾಗಲೂ ಬೇರೆಯವರು ಹೇಳಿದರು.