ಡಬ್ಬಿ ಯಾವ ಕಡೆ ತೆರೀಬೇಕು

ರಾಯಚೂರು, ಜುಲೈ. ಮೇಲೆ ಅಣೆಕಟ್ಟಿನ ಬಾಗಿಲು ಎತ್ತಿದರೆಂದು ಸುದ್ದಿ.
ಕಚೇರಿಯ ಹಿಂದಿನ ಕೋಣೆ, ಕೂಲರಿನ ಒದ್ದೆ ಹುಲ್ಲಿನ ವಾಸನೆ,
ನಾನು ಕೃಷ್ಣೆಯ ಗಡ್ಡೆಗಳಿಗೆ ಚುಕ್ಕಿ ಇಡುತ್ತಿದ್ದೇನೆ.
ಚುಕ್ಕಿ ಒತ್ತಿದರೆ ಡಬ್ಬಿ ತೆರೆಯುತ್ತದೆ:
ಮನೆ ಮೂವತ್ತೊಂದು, ಬಾಣಂತಿಯರು ಇಬ್ಬರು,
ಹರಿಗೋಲು ಎರಡು, ಒಂದಕ್ಕೆ ತೂತು.

ಡಬ್ಬಿಗೊಂದು ಚಟ. ಯಾವಾಗಲೂ ತಲೆಯ ಮೇಲೇ ತೆರೆಯುತ್ತದೆ,
ಬುಟ್ಟಿ ಹೊತ್ತವಳ ಹಾಗೆ.
ಜಿಲ್ಲೆಯ ನಡುವಿನವರಿಗೆ ಚಿಂತೆಯಿಲ್ಲ,
ಮಾನ್ವಿಗೆ, ಸಿರವಾರಕ್ಕೆ ತಲೆ ಮೇಲೆ ಬೇಕಾದಷ್ಟು ಜಾಗ.
ಹೊಳೆಯೋ ನಕ್ಷೆಯ ನೆತ್ತಿಗೇ ಅಂಟಿಕೊಂಡಿದೆ.
ಅಲ್ಲಿ ತೆರೆದ ಡಬ್ಬಿ ಅಂಚಿಗೆ ಬಡಿದು
ಊರ ಹೆಸರು ಹಾರಿಹೋಗುತ್ತದೆ,
ಹರಿಗೋಲು ಎರಡು, ಒಂದಕ್ಕೆ ತೂತು, ಅಷ್ಟೇ ಉಳಿಯುತ್ತದೆ.
ಯಾರ ಹರಿಗೋಲು?

ನೋಡಿ ಹೇಳಲೆಂದು ಜಿಂದಪ್ಪನನ್ನು ಕರೆಸಿದ್ದರು,
ನಲವತ್ತು ವರ್ಷ ಹುಟ್ಟು ಹಾಕಿದ ಕೈ.
ಪರದೆ ಮುಟ್ಟುವ ಮೊದಲು ಲುಂಗಿಗೆ ಬೆರಳು ಒರೆಸಿಕೊಂಡ.
ಒತ್ತಿದ.
ಡಬ್ಬಿಗೆ ಜಾಗ ಸಾಲದೆ ನಕ್ಷೆಯೇ ಕೆಳಗೆ ಜಾರಿತು,
ಗಡ್ಡೆ, ಹೊಳೆ, ದೇವದುರ್ಗದ ರಸ್ತೆ, ಎಲ್ಲ ಒಟ್ಟಿಗೆ.
"ಏ ಅಕ್ಕಾರ, ದೊಡ್ಡ ಹೊಳಿ ಬಂದಾಗ್ಲೂ ನಮ್ಮೂರು ಹಿಂಗ ಸರಿದಿಲ್ಲ.
ಹೆಸರು ಬರಿಲಿಕ್ಕ ಊರ ನೂಕ್ತೀರೇನು?"

ಆ ಜಾರುವುದನ್ನು ನಿಲ್ಲಿಸಿದೆ.
ಕೆಳಮುಖ ಮಾಡಿದೆ: ಪಕ್ಕದ ಗಡ್ಡೆ ಮುಚ್ಚಿತು.
"ಅಲ್ಲಿ ಹನುಮವ್ವ ಅದಾಳ, ಆಕಿ ಮ್ಯಾಲ ಕುಂತದ ನೋಡ್ರಿ."
ಬಲಕ್ಕೆ: ನೀರು ಅಳೆಯುವ ಕಂಬ.
ಎಡಕ್ಕೆ: ದಂಡೆ ಏರುವ ಒಂದೇ ಒಂದು ಕಾಲುದಾರಿ.
ಎಡಕ್ಕೆ ಎಂಟು, ಮೇಲಕ್ಕೆ ಹನ್ನೆರಡು ಎಂದು
ರೋಗಿಯ ತಲೆದಿಂಬು ಸರಿಸುವಂತೆ ಸಂಜೆವರೆಗೆ ಸರಿಸಿದೆ.
ಬಾಲ ಮಾತ್ರ ಚುಕ್ಕಿಯನ್ನು ಬಿಡಬಾರದು,
ಬಿಟ್ಟರೆ ಯಾರ ಬಾಣಂತಿ ಯಾರ ಊರಿಗೋ.
ಚಹಾ ಆರಿಸುತ್ತ ಜಿಂದಪ್ಪ ಅಂದ:
"ಸುಳಿ ತೋರ್ಸೋ ಮನಷ್ಯಾ ಸುಳಿಗೆ ಅಡ್ಡ ನಿಂದ್ರಂಗಿಲ್ರಿ."

ಕೊನೆಗೆ ಕಣ್ಣಿಗೆ ಬಿದ್ದದ್ದು ಆಚೆ ದಂಡೆ.
ಜಿಲ್ಲೆ ಮುಗಿದು, ರಾಜ್ಯವೂ ಮುಗಿದು
ನಮ್ಮ ಕಡತದಲ್ಲಿ ಅದು ಬರೀ ಬೂದು ಬಣ್ಣ.
ನೆತ್ತಿಯ ಮೇಲೆ ಮೂರು ಬೆರಳು ಬೂದು ಹೆಚ್ಚಿಸಿದೆ.
ಡಬ್ಬಿ ಪೂರ್ತಿ ತೆರೆಯಿತು, ಕುತ್ತಿಗೆ ನೆಟ್ಟಗೆ, ಹೆಸರು ಸಮೇತ.
"ನೋಡು, ಇಲ್ಲಿ ಏನೂ ಇಲ್ಲ. ಏನನ್ನೂ ಮುಚ್ಚೋದಿಲ್ಲ" ಎಂದೆ.

ಆತ ಬಹಳ ಹೊತ್ತು ಬೂದನ್ನೇ ನೋಡಿದ.
"ಏನೂ ಇಲ್ಲಂದ್ರ?
ನಮ್ಮ ಲಾಲಮ್ಮನ್ನ ಕೊಟ್ಟದ್ದು ಅಲ್ಲೇ.
ಈಗ ತೆಲುಗಿನ್ಯಾಗ ಬೈತಾಳ ನನ್ನ,
ಮೊಮ್ಮಗ ಕನ್ನಡದಾಗ ನಗ್ತಾನ.
ಹೊಳಿ ಏರಿದ್ರ ಮೊದಲು ಆಕಿ ಹಿತ್ತಲಕ್ಕ ಬರ್ತದ."
ಬೆರಳಿಟ್ಟು ತೋರಿಸಿದ, ಡಬ್ಬಿಯ ನಟ್ಟನಡುವೆ,
ಬಾಣಂತಿಯರು ಇಬ್ಬರು ಎಂದು ಬರೆದಲ್ಲಿ.

ಅವನು ಕೊನೆಯ ಬಸ್ಸಿಗೆ ಹೋದ.
ಈಗ ರಾತ್ರಿ ಒಂಬತ್ತು. ನೂರಾ ಹದಿನಾಲ್ಕು ಚುಕ್ಕಿಗಳಿಗೆ ಒಂದೇ ನಿಯಮ:
ಅಂಚು ಎಷ್ಟು ದೂರವೆಂದು ನೋಡಿ
ಮೇಲೋ ಕೆಳಗೋ ತಾವೇ ತೆರೆದುಕೊಳ್ಳುತ್ತವೆ.
ಒಂದಕ್ಕೆ ಮಾತ್ರ ಬೇರೆ ಸಾಲು ಬರೆದಿದ್ದೇನೆ.
ಅದು ನೀರಿನ ಮೇಲೆ ತೆರೆಯುತ್ತದೆ, ಓರೆಯಾಗಿ, ಅಕ್ಷರ ಸಣ್ಣದು ಮಾಡಿಕೊಂಡು,
ಕಟ್ಟಿ ಹಾಕಿದ ಹರಿಗೋಲಿನಂತೆ. ನೋಡಲು ಚೆನ್ನಾಗೇನೂ ಇಲ್ಲ.
ನಾಳೆ ಸಾಹೇಬರು ಕೇಳುತ್ತಾರೆ, ಇದೊಂದಕ್ಕೇ ಯಾಕೆ?
ಸಾಲಿನ ಪಕ್ಕ ಟಿಪ್ಪಣಿ ಹಾಕಿದೆ: ಬೂದಿನಲ್ಲಿ ಜನ ಇದ್ದಾರೆ.
ಓದಿದೆ. ಅಳಿಸಿದೆ.
ಲಾಲಮ್ಮ ಎಂದಷ್ಟೇ ಬರೆದೆ.