ದೋಣಿ ಇದ್ದ ಜಾಗ

ಹಿತ್ತಲಲ್ಲಿ ಬೋರಲು ಬಿದ್ದ ಪಾತಿದೋಣಿಯೊಳಗೆ
ತುಡುವೆ ಕೂತದ್ದು ಮೊದಲು ಕಂಡವಳು
ಒಣಮೀನಿಗೆ ಕಾಗೆ ಕಾಯುತ್ತಿದ್ದ ನಾನು.
ಎರಡು ದಿನ ಗಂಡನಿಗೆ ಹೇಳಲಿಲ್ಲ.

ಶಿರಸಿ ಕಡೆಯಿಂದ ಪೆಟ್ಟಿಗೆ ಹೊತ್ತು ಬಂದ
ಮಾಬ್ಲು ಹೆಗಡೆ, ಬಸ್ಸಿಳಿದವನೇ,
“ಮೀನು ಮುಟ್ಟಿದ ಕೈಯಲ್ಲಿ ಬೇಡ, ತಂಗಿ” ಎಂದ.
ಹುಣಸೆ ಹಚ್ಚಿ ತಿಕ್ಕಿದೆ, ಬೂದಿ ಹಚ್ಚಿ ತಿಕ್ಕಿದೆ.
ಮಾಜಾಳಿಯ ಖಾರ್ವಿ ಹೆಂಗಸಿನ ಕೈ
ಎಷ್ಟು ತಿಕ್ಕಿದರೆ ಬೇರೆಯವರದ್ದಾದೀತು?
ಹುಳಗಳೇನೂ ಅನ್ನಲಿಲ್ಲ.
ಕುಟುಕಿದ್ದು ಹೆಗಡೆಗೇ, ಕಿವಿಗೆ.

ಒಂದೊಂದೇ ಎರಿ ಕೊಯ್ದು
ಬಾಳೆನಾರಲ್ಲಿ ಚೌಕಟ್ಟಿಗೆ ಕಟ್ಟಿದೆವು,
ಮಗುವಿನ ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ.
ರಾಣಿ ಕಡ್ಡಿಪೆಟ್ಟಿಗೆಯಲ್ಲಿ ಬಂದು ಒಳಗಿಳಿದಳು.
ಸ್ಟ್ಯಾಂಡಿನ ಕಾಲಿಗೆ ನೀರಿನ ಕರಟ, ಇರುವೆಗೆಂದು.

“ಪೆಟ್ಟಿಗೆ ಇಲ್ಲೇ ಇಡಬೇಕು,” ಕಿವಿ ಉಜ್ಜುತ್ತ ಹೇಳಿದ,
“ಹುಳಕ್ಕೆ ಗೊತ್ತಿರುವುದು ಜಾಗ, ಮನೆಯಲ್ಲ.
ದೋಣಿ ಸರಿಸಿ.”

ಆರು ವರ್ಷ ಆ ಮಾತು ನಾನು ಆಡಿರಲಿಲ್ಲ.
ಜಗುಲಿಯಲ್ಲಿ ಯಾರದೋ ಬಲೆ
ಕೂಲಿಗೆ ಹೊಲಿಯುತ್ತಿದ್ದ ಗಂಡ
ಸೂಜಿ ಹಲ್ಲಲ್ಲಿ ಕಚ್ಚಿ ಎದ್ದ.
ಮೊಣಕಾಲು ಹೋದಮೇಲೆ ಮೊದಲ ಸಲ
ಮೂತಿಗೆ ಹೆಗಲು ಕೊಟ್ಟು
“ಹೋಯ್” ಎಂದ,
ಕಡಲಿಗಿಳಿಸುವಾಗ ಎನ್ನುತ್ತಿದ್ದಂತೆಯೇ.

ದೋಣಿ ಹೋದದ್ದು ಹತ್ತೇ ಹೆಜ್ಜೆ, ತೆಂಗಿನ ಬುಡಕ್ಕೆ.

ಸಂಜೆ, ಮೇಯಲು ಹೋದ ಹುಳಗಳು
ಇಲ್ಲದ ದೋಣಿಯ ಅಂಚಿಗೆ ಸುತ್ತುಹಾಕಿ ಸುತ್ತುಹಾಕಿ,
ಒಂದು ಇಳಿಯಿತು ಪೆಟ್ಟಿಗೆಯ ಬಾಗಿಲಿಗೆ,
ಕಾಲಲ್ಲಿ ಹೊಂಬಾಳೆಯ ಹಳದಿ.
ಇವನು ಎಣಿಸತೊಡಗಿದ.
ಮೂವತ್ತರವರೆಗೆ ನನಗೆ ಕೇಳಿಸಿತು.

ಈ ವರ್ಷ ತುಪ್ಪ ತೆಗೆಯಬೇಡಿ
ಎಂದು ಹೇಳಿ ಹೋಗಿದ್ದಾನೆ ಹೆಗಡೆ.